ವಾಷಿಂಗ್ ಸೋಡಾ: ಬಟ್ಟೆಗಿಂತ ಮೊದಲು ನೀರಿಗೆ

ಮೊದಲ ಬಾರಿಗೆ ವಾಷಿಂಗ್ ಸೋಡಾ ತಂದಾಗ, ತಣ್ಣೀರಿನಲ್ಲಿ ಬಟ್ಟೆ ನೆನೆಸಿಟ್ಟಿದ್ದ ಬಕೆಟ್ಟಿಗೆ ಒಂದು ಹಿಡಿಯಷ್ಟು ಪುಡಿಯನ್ನು ಮೇಲಿನಿಂದ ಸುರಿದು, ಕಲಕದೆ ಹಾಗೆಯೇ ಬಿಟ್ಟುಬಂದಿದ್ದೆ. ಒಂದು ಗಂಟೆಯ ನಂತರ ಬಟ್ಟೆ ಎತ್ತಿದರೆ ಬಕೆಟ್ಟಿನ ತಳದಲ್ಲಿ ಸುಣ್ಣದ ಹೆಂಟೆಯಂಥ ಗಟ್ಟಿ ಮುದ್ದೆಯೊಂದು ಕುಳಿತಿತ್ತು. ಕಪ್ಪು ಪ್ಯಾಂಟಿನ ಮಡಿಕೆಯೊಳಗೆ ಅಂಥದೇ ಇನ್ನೊಂದು ಚೂರು ಸೇರಿಕೊಂಡು, ಅದರ ಸುತ್ತ ಬಟ್ಟೆ ಬಿಳಿಚಿಕೊಂಡಿತ್ತು. ಈ ವಸ್ತುವಿನ ಸಹವಾಸವೇ ಬೇಡ ಎಂದು ಡಬ್ಬಿಯನ್ನು ಮೂಲೆಗೆ ತಳ್ಳಿದೆ. ತಪ್ಪು ಸೋಡಾದ್ದಲ್ಲ, ನನ್ನದೇ ಎಂದು ಅರಿವಾಗಲು ಕೆಲವು ತಿಂಗಳು ಬೇಕಾಯಿತು. ಅಲ್ಲಿಂದ ಈಚೆಗೆ ಸುಮಾರು ಒಂದೂವರೆ ವರ್ಷ ಇದನ್ನು ಬಟ್ಟೆಗೂ ಮನೆಯ ಸ್ವಚ್ಛತೆಗೂ ನಿಯಮಿತವಾಗಿ ಬಳಸಿದ್ದೇನೆ. ಎಲ್ಲಿ ಮೆಚ್ಚಿದೆ, ಎಲ್ಲಿ ಕೈ ಸುಟ್ಟುಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಬ್ಬಿಯೊಳಗೆ ಇರುವುದು ಸೋಡಿಯಂ ಕಾರ್ಬೋನೇಟ್. ಅದು ಎರಡು ರೂಪಗಳಲ್ಲಿ ಸಿಗುತ್ತದೆ, ಮತ್ತು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ಒಂದು, ಕಲ್ಲುಸಕ್ಕರೆಯಂತೆ ಅರೆಪಾರದರ್ಶಕವಾದ ಹರಳು. ಇದರಲ್ಲಿ ಸೋಡಾದ ಒಂದೊಂದು ಅಣುವಿನ ಜೊತೆಗೂ ನೀರಿನ 10 ಅಣುಗಳು ಬೆಸೆದುಕೊಂಡಿರುತ್ತವೆ. ಇನ್ನೊಂದು, ನೀರಿನ ಅಂಶವೇ ಇಲ್ಲದ ಒಣ ಬಿಳಿ ಪುಡಿ; ಕೈಗಾರಿಕೆಗಳಲ್ಲಿ ಇದನ್ನು ಸೋಡಾ ಆಶ್ ಎನ್ನುತ್ತಾರೆ. ಲೆಕ್ಕ ಹಾಕಿದರೆ 286 ಗ್ರಾಂ ಹರಳಿನಲ್ಲಿ ನಿಜವಾದ ಸೋಡಾ 106 ಗ್ರಾಂ ಮಾತ್ರ, ಉಳಿದ 180 ಗ್ರಾಂ ಬರಿಯ ನೀರು. ಅಂದರೆ ಹರಳನ್ನು ಕೊಂಡವರು ತೂಕದ ಶೇಕಡಾ 63ರಷ್ಟು ನೀರನ್ನೇ ಹೊತ್ತು ತಂದಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಹರಳಿನ ರಚನೆಯೇ ಹಾಗೆ. ಆದರೆ ಹರಳಿಗೆ ಹೇಳಿದ ಅಳತೆಯನ್ನು ಒಣಪುಡಿಗೆ ಅನ್ವಯಿಸಿದರೆ ಬಕೆಟ್ಟಿಗೆ ಬೀಳುವ ಕ್ಷಾರ ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಬಟ್ಟೆ ಒರಟಾಯಿತು, ಕೈ ಉರಿಯಿತು ಎಂಬ ದೂರುಗಳಲ್ಲಿ ಎಷ್ಟೋ ಈ ಅಳತೆಯ ಎಡವಟ್ಟಿನಿಂದಲೇ ಬಂದಿರಬಹುದೆಂದು ನನ್ನ ಗುಮಾನಿ.

ಕೈಯಲ್ಲಿರುವುದು ಯಾವ ರೂಪ ಎಂದು ತಿಳಿಯಲು ಸುಲಭದ ಉಪಾಯವಿದೆ. ಗಾಜಿನ ಲೋಟದಲ್ಲಿ ಸ್ವಲ್ಪ ನೀರು ತೆಗೆದುಕೊಂಡು ಎರಡು ಚಮಚ ಸೋಡಾ ಹಾಕಿ ಕಲಕಿ, ಲೋಟವನ್ನು ಹೊರಗಿನಿಂದ ಮುಟ್ಟಿ ನೋಡಬೇಕು. ಒಣಪುಡಿಯಾದರೆ ಲೋಟ ಬೆಚ್ಚಗಾಗುತ್ತದೆ, ಹರಳಾದರೆ ತಣ್ಣಗಾಗುತ್ತದೆ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟರೆ ಹರಳುಗಳು ಕ್ರಮೇಣ ನೀರನ್ನು ಗಾಳಿಗೆ ಬಿಟ್ಟುಕೊಟ್ಟು, ಮೈಮೇಲೆ ಹಿಟ್ಟು ಸವರಿಕೊಂಡಂತೆ ಬೆಳ್ಳಗಾಗಿ ಕೊನೆಗೆ ಪುಡಿಯಾಗುತ್ತವೆ. ಸೋಡಾ ಕೆಟ್ಟಿತೆಂದು ಅದನ್ನು ಎಸೆಯಬೇಕಾಗಿಲ್ಲ. ಹೋಗಿರುವುದು ನೀರು ಮಾತ್ರ, ತೂಕಕ್ಕೆ ಹೋಲಿಸಿದರೆ ಅದರ ಸತ್ವ ಹೆಚ್ಚೇ ಆಗಿರುತ್ತದೆ. ಬಿಸಿಲು ಬೀಳುವ ಕಡೆ ಇಟ್ಟರೆ ಇನ್ನೊಂದು ತಮಾಷೆ: 35 ಡಿಗ್ರಿಯ ಆಸುಪಾಸಿನಲ್ಲಿ ಈ ಹರಳು ತನ್ನೊಳಗಿನ ನೀರಿನಲ್ಲಿ ತಾನೇ ಕರಗಿ ಡಬ್ಬಿಯ ತಳದಲ್ಲಿ ರಾಡಿಯಾಗುತ್ತದೆ.

ನನ್ನ ಬಕೆಟ್ಟಿನ ತಳದ ಮುದ್ದೆಯ ಕಾರಣವೂ ಇಲ್ಲೇ ಇದೆ. ಒಣಪುಡಿ ತಣ್ಣೀರಿಗೆ ಬಿದ್ದೊಡನೆ ಕರಗುವ ಬದಲು ನೀರನ್ನು ಹೀರಿ ಹರಳಾಗಲು ತೊಡಗುತ್ತದೆ. ಕಲಕದಿದ್ದರೆ ಕಣಗಳು ಒಂದಕ್ಕೊಂದು ಬೆಸೆದು ಕಲ್ಲಾಗುತ್ತವೆ. 100 ಗ್ರಾಂ ನೀರಿನಲ್ಲಿ 0 ಡಿಗ್ರಿಯಲ್ಲಿ ಸುಮಾರು 7 ಗ್ರಾಂ ಸೋಡಾ ಕರಗಿದರೆ, 20 ಡಿಗ್ರಿಯಲ್ಲಿ ಸುಮಾರು 21 ಗ್ರಾಂ ಕರಗುತ್ತದೆ, 35 ಡಿಗ್ರಿಯ ಹೊತ್ತಿಗೆ 50 ಗ್ರಾಂನ ಹತ್ತಿರ ಹೋಗುತ್ತದೆ. ಅಲ್ಲಿಂದಾಚೆಗೆ ನೀರನ್ನು ಎಷ್ಟು ಕಾಯಿಸಿದರೂ ಕರಗುವ ಪ್ರಮಾಣ ಏರುವುದಿಲ್ಲ. ಆದ್ದರಿಂದ ಈಗ ಒಂದು ಚೊಂಬು ಉಗುರುಬೆಚ್ಚಗಿನ ನೀರಿನಲ್ಲಿ ಸೋಡಾವನ್ನು ಪೂರ್ತಿ ಕರಗಿಸಿ, ಆ ತಿಳಿನೀರನ್ನು ಬಕೆಟ್ಟಿಗೆ ಹಾಕುತ್ತೇನೆ. ಅಂದಿನಿಂದ ಒಮ್ಮೆಯೂ ಬಟ್ಟೆಯ ಮೇಲೆ ಬಿಳಿ ಕಲೆ ಕಂಡಿಲ್ಲ.

ಹೆಸರಿನಲ್ಲಿ ಸೋಡಾ ಇರುವ ಇನ್ನೆರಡು ವಸ್ತುಗಳನ್ನು ಇದರೊಂದಿಗೆ ಬೆರೆಸಿಕೊಳ್ಳಬಾರದು. ಅಡುಗೆ ಸೋಡಾ ಎಂಬುದು ಸೋಡಿಯಂ ಬೈಕಾರ್ಬೋನೇಟ್. ಅದರ ದ್ರಾವಣದ ಪಿಎಚ್, ಅಂದರೆ ಆಮ್ಲ ಅಥವಾ ಕ್ಷಾರ ಗುಣದ ಅಳತೆ, 8.3ರ ಆಸುಪಾಸು. ವಾಷಿಂಗ್ ಸೋಡಾದ ದ್ರಾವಣದ ಪಿಎಚ್ 11ನ್ನು ದಾಟುತ್ತದೆ. ಮೇಲ್ನೋಟಕ್ಕೆ ಮೂರು ಅಂಕಿಗಳ ಅಂತರವೆಂದು ಕಂಡರೂ, ಪಿಎಚ್ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟಾಗಿರುವುದರಿಂದ ಕ್ಷಾರೀಯತೆಯ ವ್ಯತ್ಯಾಸ ಸಾವಿರ ಪಟ್ಟಿನ ಹತ್ತಿರ ಹೋಗುತ್ತದೆ. ಕಾಸ್ಟಿಕ್ ಸೋಡಾವಂತೂ ಸೋಡಿಯಂ ಹೈಡ್ರಾಕ್ಸೈಡ್, ಚರ್ಮವನ್ನೇ ಸುಡುವಂಥದ್ದು. ಬಟ್ಟೆಯ ಬಕೆಟ್ಟಿನ ಹತ್ತಿರಕ್ಕೂ ಅದನ್ನು ತರಬಾರದು. ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ ಒಲೆಯಲ್ಲಿ ಚೆನ್ನಾಗಿ ಕಾಯಿಸಿದರೆ ಅದರಿಂದ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ ವಾಷಿಂಗ್ ಸೋಡಾ ಉಳಿಯುತ್ತದೆ ಎಂಬ ಮಾತು ನಿಜ. ಆದರೆ 168 ಗ್ರಾಂ ಹಾಕಿದರೆ ಕೈಗೆ ಬರುವುದು 106 ಗ್ರಾಂ ಮಾತ್ರ. ಕುತೂಹಲಕ್ಕೆ ಒಮ್ಮೆ ಮಾಡಿ ನೋಡಿದೆ; ಇನ್ನೊಮ್ಮೆ ಮಾಡುವ ಉಮೇದು ಬರಲಿಲ್ಲ.

ಇನ್ನು ಮುಖ್ಯ ವಿಷಯ. ವಾಷಿಂಗ್ ಸೋಡಾವನ್ನು ಸಾಬೂನಿನ ಬದಲಿಗೆ ಬಳಸುವ ವಸ್ತುವೆಂದು ತಿಳಿದವರಿಗೆ ನಿರಾಸೆಯಾಗುವುದು ಖಚಿತ. ಅದರ ಮೊದಲ ಕೆಲಸ ನೀರಿನ ಮೇಲೆ ನಡೆಯುತ್ತದೆ, ಬಟ್ಟೆಯ ಸರದಿ ಆಮೇಲೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನನ್ನು ಹಿಡಿದು ನೀರಿನಲ್ಲಿ ಕರಗದ ಬೂದುಬಣ್ಣದ ಗಸಿಯಾಗಿ ಮಾಡುತ್ತವೆ. ಎಷ್ಟು ಉಜ್ಜಿದರೂ ನೊರೆ ಬಾರದಿರುವುದಕ್ಕೂ, ಬಕೆಟ್ಟಿನ ಒಳಮೈಗೆ ಜಿಗುಟಾದ ಪಟ್ಟಿಯೊಂದು ಅಂಟಿಕೊಳ್ಳುವುದಕ್ಕೂ, ಬಿಳಿಯ ಬಟ್ಟೆ ಒಗೆದಷ್ಟೂ ಮಂಕಾಗುವುದಕ್ಕೂ ಕಾರಣ ಇದೇ. ಸಾಬೂನು ಕೊಳೆಯ ಮೇಲೆ ಕೆಲಸ ಮಾಡುವ ಮೊದಲು ನೀರಿನ ಸುಣ್ಣದೊಂದಿಗೇ ಸೆಣಸಿ ಮುಗಿದುಹೋಗುತ್ತದೆ. ಸೋಡಾವನ್ನು ಮೊದಲೇ ಹಾಕಿದರೆ ಕ್ಯಾಲ್ಸಿಯಂ ಅದರೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟಾಗಿ ಬೇರ್ಪಡುತ್ತದೆ, ಸಾಬೂನಿಗೆ ತನ್ನ ಪಾಡಿನ ಕೆಲಸ ಮಾಡಲು ದಾರಿ ತೆರವಾಗುತ್ತದೆ. ಕುದಿಸಿದರೆ ನೀರಿನ ತಾತ್ಕಾಲಿಕ ಗಡಸುತನ ಮಾತ್ರ ಹೋಗುತ್ತದೆ. ಸೋಡಾ, ಕುದಿಸಿದರೂ ಹೋಗದ ಶಾಶ್ವತ ಗಡಸುತನದ ಮೇಲೂ ಕೆಲಸ ಮಾಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದು ಎರಡು ಗಾಜಿನ ಬಾಟಲಿಗಳಿಗೆ ಒಂದೇ ನಲ್ಲಿಯ ಗಡಸು ನೀರನ್ನು ತುಂಬಿದೆ. ಒಂದಕ್ಕೆ ಕರಗಿಸಿದ ಸೋಡಾವನ್ನು ಒಂದು ಚಮಚ ಹಾಕಿ ಐದು ನಿಮಿಷ ಬಿಟ್ಟೆ. ತಿಳಿಯಾಗಿದ್ದ ನೀರು ನಿಧಾನವಾಗಿ ಹಾಲು ಬೆರೆಸಿದಂತೆ ಮಬ್ಬಾಯಿತು. ಆಮೇಲೆ ಎರಡಕ್ಕೂ ಬಟ್ಟೆ ಸಾಬೂನಿನ ಒಂದೇ ಅಳತೆಯ ತುರಿಯನ್ನು ಹಾಕಿ ಕುಲುಕಿದೆ. ಸೋಡಾ ಇಲ್ಲದ ಬಾಟಲಿಯಲ್ಲಿ ಒಡೆದ ಹಾಲಿನಂಥ ಚೂರುಗಳು ತೇಲಿ, ಮೇಲೆ ಬಂದ ಗುಳ್ಳೆಗಳು ನೋಡನೋಡುತ್ತಲೇ ಇಳಿದುಹೋದವು. ಸೋಡಾ ಹಾಕಿದ ಬಾಟಲಿಯಲ್ಲಿ ಎರಡು ಬೆರಳು ಎತ್ತರದ ನೊರೆ ಎದ್ದು, ನಾನು ಬೇರೆ ಕೆಲಸ ಮುಗಿಸಿ ಬರುವವರೆಗೂ ನಿಂತಿತ್ತು. ಎಷ್ಟು ಓದಿದ್ದರೂ ಆಗದ ನಂಬಿಕೆ ಆ ಎರಡು ಬಾಟಲಿಗಳಿಂದ ಆಯಿತು.

ಅಳತೆಯನ್ನು ಅಂದಾಜಿಗೆ ಬಿಡುವ ಅಗತ್ಯವಿಲ್ಲ. ನೀರಿನ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕ್ಯಾಲ್ಸಿಯಂ ಕಾರ್ಬೋನೇಟಿನ ಲೆಕ್ಕದಲ್ಲಿ ಹೇಳುತ್ತಾರೆ. 180ಕ್ಕಿಂತ ಹೆಚ್ಚಾದರೆ ತೀರ ಗಡಸೆಂದು ಎಣಿಸುವುದು ರೂಢಿ. 300 ಮಿಲಿಗ್ರಾಂ ಗಡಸುತನದ 20 ಲೀಟರ್ ನೀರಿನಲ್ಲಿ ಹೀಗೆ ಒಟ್ಟು 6 ಗ್ರಾಂ ಆಗುತ್ತದೆ. ಅದಕ್ಕೆ ಸರಿಹೊಂದಲು ಬೇಕಾದದ್ದು ಸುಮಾರು 6.4 ಗ್ರಾಂ ಒಣಪುಡಿ, ಅಥವಾ ಸುಮಾರು 17 ಗ್ರಾಂ ಹರಳು. ಗಡಸುತನದಲ್ಲಿ ಮೆಗ್ನೀಸಿಯಂ ಪಾಲು ದೊಡ್ಡದಿದ್ದರೆ ಈ ಲೆಕ್ಕ ಸಂಪೂರ್ಣ ಕೈಹಿಡಿಯುವುದಿಲ್ಲ, ಏಕೆಂದರೆ ಮೆಗ್ನೀಸಿಯಂ ಅಷ್ಟು ಸಲೀಸಾಗಿ ಬೇರ್ಪಡುವುದಿಲ್ಲ. ಜಿಡ್ಡಿಗಾಗಿ ಇನ್ನಷ್ಟು ಸೇರಿಸಿಕೊಂಡರೂ ಒಂದು ಬಕೆಟ್ಟಿಗೆ 15 ಗ್ರಾಂ ಒಣಪುಡಿಯನ್ನು ನಾನು ಮೀರುವುದಿಲ್ಲ. ಹಿಡಿಗಟ್ಟಲೆ ಸುರಿಯುತ್ತಿದ್ದ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ.

ಡಿಟರ್ಜೆಂಟ್ ಬಳಸುವವರಿಗೂ ಇಷ್ಟೊಂದು ಪ್ರಯೋಜನವಿದೆಯೇ ಎಂದು ಕೇಳಿದರೆ, ಇಲ್ಲ ಎನ್ನಬೇಕಾಗುತ್ತದೆ. ಸಾಮಾನ್ಯ ಡಿಟರ್ಜೆಂಟ್ ಪುಡಿಗಳಲ್ಲಿ ಸೋಡಿಯಂ ಕಾರ್ಬೋನೇಟ್ ಮೊದಲೇ ಒಂದು ಪ್ರಮುಖ ಘಟಕವಾಗಿ ಸೇರಿರುತ್ತದೆ. ಪೊಟ್ಟಣದ ಹಿಂಭಾಗ ಓದಿದರೆ ತಿಳಿಯುತ್ತದೆ. ಗಡಸುತನವನ್ನು ಹಿಡಿದಿಡಲು ಜಿಯೋಲೈಟಿನಂಥ ಬೇರೆ ವಸ್ತುಗಳೂ ಎಷ್ಟೋ ಪುಡಿಗಳಲ್ಲಿ ಇರುತ್ತವೆ. ಅಂಥ ಪುಡಿಯ ಜೊತೆ ಸೋಡಾ ಸೇರಿಸಿ ಒಗೆದ ಬಟ್ಟೆಗೂ ಸೇರಿಸದೆ ಒಗೆದ ಬಟ್ಟೆಗೂ, ನೀರು ತೀರ ಗಡಸಾಗಿಲ್ಲದಿದ್ದರೆ, ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದ್ರವರೂಪದ ಡಿಟರ್ಜೆಂಟ್ ಜೊತೆಗೆ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿತ್ತು, ಅದರಲ್ಲೂ ಕಾಲರಿನ ಮೇಲಿನ ಬೆವರಿನ ಜಿಡ್ಡಿನಲ್ಲಿ. ಸಾಬೂನು ಬಿಲ್ಲೆಯಿಂದಲೇ ಒಗೆಯುವವರಿಗೆ ಎಲ್ಲರಿಗಿಂತ ಹೆಚ್ಚು ಲಾಭ.

ಒಂದು ದೋಷವನ್ನು ಮುಚ್ಚಿಡಬಾರದು. ಬೇರ್ಪಟ್ಟ ಕ್ಯಾಲ್ಸಿಯಂ ಕಾರ್ಬೋನೇಟ್ ಎಂಬುದು ಸೀಮೆಸುಣ್ಣದ ಪುಡಿಯೇ. ಅದು ಗಾಳಿಯಲ್ಲಿ ಮಾಯವಾಗುವುದಿಲ್ಲ. ಚೆನ್ನಾಗಿ ಜಾಲಿಸದಿದ್ದರೆ ನೂಲಿನ ಎಳೆಗಳ ನಡುವೆ ಕುಳಿತು, ಒಣಗಿದ ಮೇಲೆ ಟವೆಲ್ಲು ಹಪ್ಪಳದಂತೆ ನಿಲ್ಲುತ್ತದೆ. ನನ್ನ ಎರಡು ಟವೆಲ್ಲುಗಳು ಈ ಸ್ಥಿತಿಗೆ ಬಂದಿದ್ದವು. ಒಮ್ಮೆ ಸೋಡಾ ಇಲ್ಲದೆ, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಜಾಲಿಸಿದಾಗ ಮೆತ್ತಗಾದವು. ಈಗ ಸೋಡಾ ಹಾಕಿದ ದಿನ ಎರಡು ಬಾರಿಯ ಬದಲು ಮೂರು ಬಾರಿ ಜಾಲಿಸುತ್ತೇನೆ. ನೀರಿಗೆ ತೊಂದರೆ ಇರುವ ಕಡೆ ಇದೂ ಒಂದು ಖರ್ಚೆಂದೇ ಲೆಕ್ಕಕ್ಕೆ ಹಿಡಿಯಬೇಕು.

ಹತ್ತಿ ಮತ್ತು ಲಿನನ್ ಬಟ್ಟೆಗಳು ಈ ಕ್ಷಾರವನ್ನು ಸುಲಭವಾಗಿ ತಾಳಿಕೊಳ್ಳುತ್ತವೆ. ಹತ್ತಿಗೆ ರಿಯಾಕ್ಟಿವ್ ಬಣ್ಣಗಳನ್ನು ಹಾಕುವವರು ಬಣ್ಣ ನೂಲಿಗೆ ಕಚ್ಚಿಕೊಳ್ಳಲೆಂದು ಬಳಸುವುದೂ ಇದೇ ಸೋಡಾ ಆಶ್ ಅನ್ನು. ಉಣ್ಣೆ ಮತ್ತು ರೇಷ್ಮೆಯ ವಿಷಯ ಬೇರೆ. ಅವು ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದಾದ ಎಳೆಗಳು, ಕ್ಷಾರ ಅವನ್ನು ತಿಂದುಹಾಕುತ್ತದೆ. ಬೇರೆ ಬಟ್ಟೆಗಳ ನಡುವೆ ಕಣ್ತಪ್ಪಿ ಸೇರಿದ ನನ್ನ ಉಣ್ಣೆಯ ಸ್ಕಾರ್ಫೊಂದು ಒಂದೇ ಒಗೆತಕ್ಕೆ ತನ್ನ ಮೃದುತನ ಕಳೆದುಕೊಂಡು ಗೋಣಿಯ ಮೈ ಪಡೆಯಿತು, ಮತ್ತೆ ಸರಿಹೋಗಲಿಲ್ಲ. ಕೆಂಪು ಅಥವಾ ನೇರಳೆ ಬಣ್ಣದ ಹಣ್ಣಿನ ರಸದ ಕಲೆಗೆ ಸೋಡಾ ತಾಗಿಸಿದರೆ ಕಲೆ ನೀಲಿ ಇಲ್ಲವೇ ಹಸಿರು ಛಾಯೆಗೆ ತಿರುಗಿ ಗಾಬರಿಪಡಿಸುತ್ತದೆ. ಆ ಬಣ್ಣದ್ರವ್ಯಗಳ ಸ್ವಭಾವವೇ ಅಂಥದ್ದು, ಆಮ್ಲದಲ್ಲಿ ಒಂದು ಬಣ್ಣ, ಕ್ಷಾರದಲ್ಲಿ ಇನ್ನೊಂದು. ಬಣ್ಣ ಬಿಡುವ ಬಟ್ಟೆಗಳನ್ನು ಇದರಲ್ಲಿ ನೆನೆಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಬಟ್ಟೆಗಳ ಪೈಕಿ ನನಗೆ ಪೂರ್ಣ ತೃಪ್ತಿ ಕೊಟ್ಟದ್ದು ಅಡುಗೆಮನೆಯ ಒರೆಸುವ ಬಟ್ಟೆಗಳು. ಜಿಡ್ಡಿನಲ್ಲಿರುವ ಕೊಬ್ಬಿನ ಆಮ್ಲಗಳೊಂದಿಗೆ ಕ್ಷಾರ ಸೇರಿದಾಗ ಅಲ್ಲೇ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಅಂದರೆ ಕೊಳೆಯೇ ತನ್ನನ್ನು ತೊಳೆಯಲು ನೆರವಾಗುತ್ತದೆ. ಬಿಸಿನೀರಿನಲ್ಲಿ ಸೋಡಾ ಕರಗಿಸಿ ಅರ್ಧ ಗಂಟೆ ನೆನೆಸಿಟ್ಟರೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಒಗೆದರೂ ಹೋಗದಿದ್ದ ಕಮಟು ವಾಸನೆ ಹೋಗುತ್ತದೆ.

ಇದೇ ಉತ್ಸಾಹದಲ್ಲಿ ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನಿನ ಜಾಲರಿಗೆ ಕೈಹಾಕಿದೆ. ಎಣ್ಣೆಯ ಹೊಗೆ ವರ್ಷಗಟ್ಟಲೆ ಕೂತು, ಧೂಳು ಸೇರಿ, ಅಂಟಿನಂತೆ ಗಟ್ಟಿಯಾಗಿದ್ದ ಹಳದಿ ಪದರ ಅದು. ಬೆರಳಿಟ್ಟರೆ ಬೆರಳು ಅಂಟುತ್ತಿತ್ತು. ಸ್ಟೀಲಿನ ಅಂಚಿನ ಭಾಗಗಳನ್ನು ಬಿಸಿ ಸೋಡಾ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟೆ. ಪದರ ಮೊದಲು ಮೆತ್ತಗಾಗಿ, ಆಮೇಲೆ ಹಾಳೆಹಾಳೆಯಾಗಿ ಸುಲಿದು ಬಂತು. ಹಳೆಯ ಬ್ರಷ್ಷಿನಿಂದ ಎರಡು ಬಾರಿ ಸವರಿದ್ದೇ ಹೆಚ್ಚು. ಅದೇ ನೀರಿಗೆ ಜಾಲರಿಯನ್ನೂ ಇಳಿಸಿದಾಗ ಅದರ ಮೈತುಂಬ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಕೊಳೆ ಬಿಡುತ್ತಿದೆಯೆಂದು ಸಂತೋಷಪಟ್ಟೆ. ಹೊರತೆಗೆದರೆ ಜಾಲರಿ ಮಸಿ ಬಳಿದಂತೆ ಕಪ್ಪಾಗಿತ್ತು. ಅದು ಅಲ್ಯೂಮಿನಿಯಂ, ಅದರ ಮೈಮೇಲಿನ ರಕ್ಷಣೆಯ ಆಕ್ಸೈಡ್ ಪೊರೆಯನ್ನು ಕ್ಷಾರ ಕರಗಿಸಿ ಲೋಹದೊಳಕ್ಕೇ ಇಳಿದಿತ್ತು, ನಾನು ನೋಡಿ ಸಂತೋಷಪಟ್ಟ ಗುಳ್ಳೆಗಳು ಹೈಡ್ರೋಜನ್ ಅನಿಲದವು. ಅಲ್ಯೂಮಿನಿಯಂ ಪಾತ್ರೆ, ಅಲ್ಯೂಮಿನಿಯಂ ತಳದ ನಾನ್‌ಸ್ಟಿಕ್ ಬಾಣಲೆ, ಪ್ರೆಷರ್ ಕುಕ್ಕರಿನ ಮುಚ್ಚಳ, ಇವು ಯಾವುವನ್ನೂ ಸೋಡಾ ನೀರಿನಲ್ಲಿ ನೆನೆಸಬಾರದು.

ಅಲ್ಯೂಮಿನಿಯಮ್ಮಿನ ಈ ದೌರ್ಬಲ್ಯವೇ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಕಪ್ಪುಗಟ್ಟಿದ ಬೆಳ್ಳಿಯ ಚಮಚವನ್ನು ಅದಕ್ಕೆ ತಾಗುವಂತೆ ಇಟ್ಟು, ಬಿಸಿ ಸೋಡಾ ನೀರನ್ನು ಸುರಿದರೆ ಕೆಲವೇ ನಿಮಿಷಗಳಲ್ಲಿ ಚಮಚ ಬೆಳ್ಳಗಾಗುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಎಂದರೆ ಬೆಳ್ಳಿಯ ಸಲ್ಫೈಡ್. ಅಲ್ಯೂಮಿನಿಯಂ ತಾನು ಸವೆದು ಆ ಬೆಳ್ಳಿಯನ್ನು ಮತ್ತೆ ಲೋಹದ ರೂಪಕ್ಕೆ ತರುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆಯೂ ಸ್ವಲ್ಪ ಬರುತ್ತದೆ. ಉಜ್ಜಿ ಹೊಳಪಿಸಿದಾಗ ಆಗುವಂತೆ ಇಲ್ಲಿ ಬೆಳ್ಳಿ ಸವೆಯುವುದಿಲ್ಲ. ಹರಳು ಕೂರಿಸಿದ ಅಥವಾ ಅಂಟು ಹಾಕಿದ ಒಡವೆಗಳನ್ನೂ, ಚಿತ್ತಾರ ಎದ್ದು ಕಾಣಲೆಂದು ಬೇಕೆಂತಲೇ ಕಪ್ಪು ಉಳಿಸಿರುವ ಕೆತ್ತನೆಯ ಸಾಮಾನುಗಳನ್ನೂ ಇದಕ್ಕೆ ಹಾಕಬಾರದು.

ಉಳಿದ ಕೆಲಸಗಳನ್ನು ಬೇಗನೆ ಹೇಳಿ ಮುಗಿಸಬಹುದು. ಚಹಾದ ಕಂದು ಕಟ್ಟಿದ ಪಿಂಗಾಣಿ ಕಪ್ಪು ಬಿಸಿ ಸೋಡಾ ನೀರಿನಲ್ಲಿ ಒಂದು ಗಂಟೆ ಇದ್ದರೆ ಸಲೀಸಾಗಿ ಹೊಳೆಯುತ್ತದೆ. ಸಿಂಕಿನ ಕೊಳವೆಯಲ್ಲಿ ಜಿಡ್ಡು ಕಟ್ಟುತ್ತಿದ್ದರೆ ವಾರಕ್ಕೊಮ್ಮೆ ಬಿಸಿ ಸೋಡಾ ನೀರು ಬಿಡುವುದು ಒಳ್ಳೆಯ ರೂಢಿ, ಆದರೆ ಕೂದಲು ಸಿಕ್ಕಿ ಪೂರ್ತಿ ಕಟ್ಟಿಕೊಂಡ ಕೊಳವೆಯನ್ನು ಇದು ಬಿಡಿಸದು. ನೆಲದ ಟೈಲ್ಸಿಗೆ ಬಳಸಿದರೆ ಶುದ್ಧ ನೀರಿನಲ್ಲಿ ಮತ್ತೊಮ್ಮೆ ಒರೆಸಲೇಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಬಿಳಿಯ ಗೀರುಗಳು ಉಳಿಯುತ್ತವೆ. ಬಣ್ಣ ಬಳಿದ ಗೋಡೆ ಮತ್ತು ವಾರ್ನಿಶ್ ಹಚ್ಚಿದ ಮರದಿಂದ ದೂರವಿಡುವುದು ಲೇಸು. ನಲ್ಲಿಯ ಮೇಲೆ, ಕೆಟಲಿನೊಳಗೆ ಕಟ್ಟುವ ಸುಣ್ಣದ ಬಿಳಿ ಪೊರೆಗೆ ಇದರಿಂದ ಏನೂ ಆಗುವುದಿಲ್ಲ. ಅದೂ ಒಂದು ಕಾರ್ಬೋನೇಟೇ, ಅದನ್ನು ಕರಗಿಸಲು ಆಮ್ಲ ಬೇಕು.

ಹಾಗೆಂದು ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಬೆರೆಸುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ಬುಸುಬುಸು ಎಂದು ಏಳುವ ನೊರೆ ನೋಡಲು ಚೆಂದವೇ ಹೊರತು, ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದುಕೊಂಡ ಮೇಲೆ ಪಾತ್ರೆಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಸಪ್ಪೆ ಲವಣ ಬೆರೆತ ನೀರು. ಎರಡೂ ಬೇಕಿದ್ದರೆ ಒಂದನ್ನು ಬಳಸಿ, ತೊಳೆದು, ಆಮೇಲೆ ಇನ್ನೊಂದನ್ನು ಬಳಸಬೇಕು.

ಕೈಗವಸಿಲ್ಲದೆ ಇದನ್ನು ಮುಟ್ಟಬಾರದೆಂಬುದನ್ನು ನಾನು ತಡವಾಗಿ ಕಲಿತೆ. ಬೆರಳುಗಳ ನಡುವೆ ಲೋಳೆಯಂತೆ ಜಾರುವ ಅನುಭವವಾಗುತ್ತದಲ್ಲ, ಅದು ಚರ್ಮದ ಎಣ್ಣೆ ಸಾಬೂನಾಗಿ ಹೋಗುತ್ತಿರುವುದರ ಗುರುತು. ಸಂಜೆಗೆ ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ಕಣ್ಣಿಗೆ ಬಿದ್ದರೆ ತೀವ್ರವಾಗಿ ಉರಿಯುತ್ತದೆ, ಹಾನಿಯೂ ಆಗಬಹುದು. ತಕ್ಷಣ ಹದಿನೈದು ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಬೇಕು. ಒಣಪುಡಿಯನ್ನು ಎತ್ತರದಿಂದ ಸುರಿದರೆ ಏಳುವ ದೂಳು ಮೂಗು ಗಂಟಲನ್ನು ಕೆರಳಿಸುತ್ತದೆ. ಉಪ್ಪು ಸಕ್ಕರೆಗಳನ್ನು ಇಡುವ ಕಪಾಟಿನಲ್ಲಿ ಇದನ್ನು ಎಂದಿಗೂ ಇಡಬಾರದು. ನಮ್ಮಲ್ಲಿ ಇದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ದೊಡ್ಡ ಅಕ್ಷರದ ಚೀಟಿ ಅಂಟಿಸಿಕೊಂಡು, ಮಕ್ಕಳ ಕೈಗೆಟುಕದ ಎತ್ತರದಲ್ಲಿದೆ.

ಇದು ಹೊಸ ವಸ್ತುವೇನಲ್ಲ. ಪ್ರಾಚೀನ ಈಜಿಪ್ಟಿನವರು ಒಣಗಿದ ಕೆರೆಗಳಿಂದ ತೆಗೆದು ಮೈ ತೊಳೆಯಲೂ ಶವಗಳನ್ನು ಕೆಡದಂತೆ ಇಡಲೂ ಬಳಸುತ್ತಿದ್ದ ನೇಟ್ರಾನ್ ಎಂಬುದರಲ್ಲಿ ಮುಖ್ಯವಾಗಿ ಇದ್ದದ್ದು ಇದೇ ಸೋಡಾ. ಉಪ್ಪಿನಿಂದ ಇದನ್ನು ತಯಾರಿಸುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರಲ್ಲಿ ಪೇಟೆಂಟ್ ಪಡೆದ. 1861ರಲ್ಲಿ ಬೆಲ್ಜಿಯಮ್ಮಿನ ಅರ್ನೆಸ್ಟ್ ಸಾಲ್ವೆ ರೂಪಿಸಿದ ಇನ್ನೊಂದು ವಿಧಾನ ಇಂದಿಗೂ ಚಾಲ್ತಿಯಲ್ಲಿದೆ. ಜಗತ್ತಿನಲ್ಲಿ ತಯಾರಾಗುವ ಸೋಡಾ ಆಶ್‌ನ ಅತಿದೊಡ್ಡ ಪಾಲನ್ನು ನುಂಗುವುದು ಗಾಜಿನ ಕಾರ್ಖಾನೆಗಳು. ಬಟ್ಟೆ ಒಗೆಯುವವರ ಪಾಲು ಅದರ ಮುಂದೆ ಚಿಕ್ಕದು.

ಗಡಸು ನೀರು, ಹತ್ತಿಯ ಬಟ್ಟೆ, ಸಾಬೂನು ಅಥವಾ ದ್ರವ ಡಿಟರ್ಜೆಂಟ್, ಜಿಡ್ಡು ಕೂರುವ ಅಡುಗೆಮನೆ, ಇವುಗಳಲ್ಲಿ ಎರಡು ಇದ್ದರೂ ಒಂದು ಡಬ್ಬಿ ತರಬಹುದೆಂದು ಹೇಳುತ್ತೇನೆ. ಮೆದು ನೀರು ಬರುವವರು, ಒಳ್ಳೆಯ ಡಿಟರ್ಜೆಂಟ್ ಪುಡಿಯನ್ನೇ ಬಳಸುವವರು ತರದಿದ್ದರೂ ನಷ್ಟವಿಲ್ಲ. ಕೊಳ್ಳುವಾಗ ಸುಗಂಧ ಬೆರೆಸಿದ್ದನ್ನು ಬಿಟ್ಟು ಬರಿಯ ಸೋಡಿಯಂ ಕಾರ್ಬೋನೇಟ್ ಎಂದಿರುವುದನ್ನೇ ಆರಿಸುವುದು ಮೇಲು. ಸಂಗ್ರಹಕ್ಕೆ ಸುಲಭವೆಂದು ನಾನು ಒಣಪುಡಿಗೆ ಬದಲಾಗಿದ್ದೇನೆ; ಅಳತೆಯಲ್ಲಿ ಕೈ ಜಾರುವವರಿಗೆ ಹರಳೇ ಹೆಚ್ಚು ಕ್ಷಮಾಶೀಲ. ಒಗೆದ ನೀರನ್ನು ಗಿಡಗಳಿಗೆ ಹಾಕುವ ಅಭ್ಯಾಸವಿರುವವರು ಮಾತ್ರ ಇನ್ನೊಂದು ವಿಷಯ ಗಮನಿಸಬೇಕು. ಸೋಡಿಯಂ ಮಣ್ಣಿನಲ್ಲಿ ಸೇರುತ್ತ ಹೋದರೆ ಮಣ್ಣು ಬಿಗಿದು ನೀರಿಳಿಯದಂತಾಗುತ್ತದೆ, ಗಿಡದ ಬೇರಿಗೆ ಉಸಿರು ಕಟ್ಟುತ್ತದೆ. ಮೊದಲು ಎಲ್ಲ ಬಕೆಟ್ಟುಗಳ ನೀರನ್ನೂ ಕುಂಡಗಳಿಗೆ ಒಯ್ಯುತ್ತಿದ್ದೆ. ಈಗ ಸೋಡಾ ಬಿದ್ದ ಬಕೆಟ್ಟು ನೇರವಾಗಿ ಬಚ್ಚಲಿಗೆ ಹೋಗುತ್ತದೆ, ಮೂರನೆಯ ಬಾರಿ ಜಾಲಿಸಿದ ನೀರು ಮಾತ್ರ ಬಚ್ಚಲು ತೊಳೆಯಲು ಉಳಿಯುತ್ತದೆ.